ಉಪ್ಪು ಕೊನೆಗೆ ಹಾಕುವ ಕ್ರಿಸಾಂತಾ

ಹದಿನೈದು ತುಂಬಿದ ಮಗಳನ್ನು ಸಿಂಗರಿಸಿ ಊರಿಗೆಲ್ಲ ತೋರಿಸಿದರೆ ಊರಿನ ಕೆಟ್ಟವರೂ ನೋಡುತ್ತಾರೆ. ಇದು ನಿಮಗೆ ಗೊತ್ತು. ಗೊತ್ತಿದ್ದೂ ನೀವು ಇಗರ್ಜಿಯಿಂದ ಚೌಕದವರೆಗೆ ಬ್ಯಾಂಡಿನವರನ್ನು ಮುಂದೆ ಬಿಟ್ಟುಕೊಂಡು ಮೆರವಣಿಗೆ ಹೊರಡುತ್ತೀರಿ, ಮಗಳ ತಲೆಗೆ ಕಿರೀಟ ಇಡುತ್ತೀರಿ, ಆಮೇಲೆ ಹುಣಿಸೆಮರದ ಕೆಳಗೆ ನಿಂತ ಕರಿಗಾಜಿನ ಬಿಳಿ ಗಾಡಿಯನ್ನು ಕಂಡೂ ಕಾಣದವರಂತೆ ಕತ್ತು ತಿರುಗಿಸುತ್ತೀರಿ. ಕತ್ತು ತಿರುಗಿಸದ ಒಬ್ಬ ಹೆಂಗಸು ನಮ್ಮ ಊರು ಲಾ ಪಾಲ್ಮಿತಾದಲ್ಲಿ ಇದ್ದಾರೆ.

ದೋನ್ಯಾ ಕ್ರಿಸಾಂತಾ ಬೀದಿಯ ನಟ್ಟನಡುವೆ ನಡೆಯುತ್ತಾರೆ. ಎರಡೂ ಬದಿಗೆ ನೆರಳಿದ್ದರೂ ಅತ್ತ ಹೊರಳುವವರಲ್ಲ; ಹಿಂದಿನಿಂದ ನಿಂಬೆಹಣ್ಣಿನ ಲಾರಿ ಹಾರ್ನ್ ಬಾರಿಸಿದರೆ, ಮದುವೆಗೆ ತಡವಾಗಿ ಬಂದ ಬೀಗರನ್ನು ನೋಡುವಂತೆ ಒಮ್ಮೆ ತಿರುಗಿ ನೋಡಿ, ಅದೇ ಬಾತುಕೋಳಿಯ ಓಲಾಟದಲ್ಲಿ, ಅದೇ ಮಂದಗತಿಯಲ್ಲಿ ಮುಂದುವರಿಯುತ್ತಾರೆ. ಮೈಮೇಲೆ ತೀರಿಹೋದ ಗಂಡನ ಕಂದು ಉಣ್ಣೆ ಕೋಟು. ಕಾದ ಕಲ್ಲಿನ ಮೇಲೆ ಹಲ್ಲಿಯೂ ಒಂದೊಂದೇ ಕಾಲೆತ್ತಿ ನಿಲ್ಲುವ ಈ ಸುಡುಸೀಮೆಯಲ್ಲಿ, ಮೇ ತಿಂಗಳ ಮಧ್ಯಾಹ್ನದಲ್ಲಿ, ಉಣ್ಣೆ ಕೋಟು. ತೋಳು ಉದ್ದವಾಯಿತೆಂದು ಮಡಿಚಿದ್ದಾರೆ. ಆ ಮಡಿಕೆಯೊಳಗೆ ಯಾವಾಗ ನೋಡಿದರೂ ನಾಲ್ಕಾರು ಒಣಮೆಣಸಿನ ಬೀಜ, ಜೇಬಿನಲ್ಲಿ ಒಂದು ನಿಂಬೆಹಣ್ಣು. ಪಡ್ಡೆಹುಡುಗರು ಹಿಂದಿನಿಂದ “ದೋನ್ಯಾ, ಹಿಮ ಬೀಳ್ತಾ ಇದೆಯಾ?” ಎಂದು ರೇಗಿಸುತ್ತಾರೆ. “ನಿಮ್ಮಪ್ಪನ ತಲೆ ಮೇಲೆ ಬಿದ್ದು ಬೆಳ್ಳಗಾಗಿದೆ, ಹೋಗಿ ನೋಡ್ಕೊ” ಎನ್ನುವುದು ಅವರ ಉತ್ತರ.

ನಮ್ಮ ಹಬ್ಬಗಳಲ್ಲಿ ದೊಡ್ಡ ಅಡುಗೆ ಗಂಡಸರದು. ಗುಂಡಿ ತೋಡಿ, ಕಲ್ಲು ಕಾಯಿಸಿ, ಇಡೀ ಕುರಿಯನ್ನು ಹೂಳಿ ಬೇಯಿಸಿ, ಅದನ್ನು ತಾವೇ ಸೃಷ್ಟಿಸಿದವರಂತೆ ಮೀಸೆ ತಿರುವುತ್ತಾರೆ. ಆದರೆ ಪೂಜೆ ಮುಗಿದು ಜನ ಬಂದು ಕೂತ ಗಳಿಗೆಗೂ, ಹುಡುಗಿಯ ವಾಲ್ಟ್ಸ್ ನೃತ್ಯ ಮುಗಿದು ಆ ಕುರಿ ಮೇಜಿಗೆ ಬರುವ ಗಳಿಗೆಗೂ ನಡುವೆ ಒಂದು ಹಸಿದ, ಚಾಡಿಕೋರ, ಚಡಪಡಿಕೆಯ ಹೊತ್ತಿದೆಯಲ್ಲ, ಅದು ಕ್ರಿಸಾಂತಾ ಅವರದು. ಆ ಹೊತ್ತಿನ ಬಾಯಾಡಿಕೆಯನ್ನು ಅವರು ಯೋಜಿಸುವ ರೀತಿ ಸೇನಾಪತಿಯದು: ಸಿಟ್ಟಿನವರ ಮೇಜಿಗೆ ಸಿಪ್ಪೆ ಸುಲಿದು ತಿನ್ನುವ ಶೇಂಗಾ, ಕೈಗೆ ಕೆಲಸವಿದ್ದರೆ ಜಗಳಕ್ಕೆ ಬಿಡುವಿರುವುದಿಲ್ಲ, ಹೊಸ ಬೀಗರಿಗೆ ಬೆಣ್ಣೆಹಣ್ಣು ಸವರಿದ ಜೋಳದ ಗರಿರೊಟ್ಟಿ, ಚೂರು ಉದುರಿಸಿಕೊಂಡರೆ ಇಬ್ಬರೂ ನಕ್ಕು ಬಿಗುಮಾನ ಬಿಡುತ್ತಾರೆ, ಮುದುಕರಿಗೆ ಹಿಕಾಮಾ ಗೆಡ್ಡೆಯ ತೆಳುಹೋಳು.

ಹಟವೊಂದೇ. ಯಾವ ತಟ್ಟೆಗೂ ಅವರು ಅಡುಗೆಮನೆಯಲ್ಲಿ ಉಪ್ಪು ಹಾಕುವುದಿಲ್ಲ. ಜನ ಕೂತ ಮೇಲೆ ಮಣ್ಣಿನ ಬಟ್ಟಲು ಹಿಡಿದು ಮೇಜಿಂದ ಮೇಜಿಗೆ ಹೋಗಿ, ತಿನ್ನುವವರ ಮುಖ ನೋಡಿ, ಮೂರು ಬೆರಳಿನಿಂದ ಉದುರಿಸುತ್ತಾರೆ. ಕಾರಣ ಕೇಳಿದವರಿಗೆ, ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ ಎನ್ನುತ್ತಾರೆ. ಗೋಡೆ ಹಂಚಿಕೊಂಡ ನೆರೆಯವನೆಂದು ನನಗೆ ಮಾತ್ರ ಇನ್ನೊಂದು ಕಾರಣ ಹೇಳಿದ್ದರು: “ಯಾರು ತಿಂತಾರೆ ಅಂತ ನೋಡ್ದೆ ಉಪ್ಪು ಹಾಕ್ಬಾರ್ದು ಕಣೋ. ಉಪ್ಪು ತಿಂದೋನು ನಮ್ಮೋನಾಗ್ತಾನೆ. ನೀನು ಶಾಲೆಗೆ ಹೋಗ್ದೆ ಅಕ್ಷರ ಕಲ್ತೋನು, ಇಂಥದ್ದೆಲ್ಲ ನಿಂಗೆ ಯಾರೂ ಹೇಳ್ಕೊಟ್ಟಿಲ್ಲ.”

ಅವರ ತಮ್ಮನ ಮೊಮ್ಮಗಳು ನಾಯೆಲಿಗೆ ಹದಿನೈದಾಗುವ ವರ್ಷ ಬಂತು. ಹುಡುಗಿಯ ತಾಯಿ ಎಲ್ವಿರಾ, ತಂದೆ ಚೆಮಾ. ಚೆಮಾ ನಿಂಬೆ ತುಂಬುವ ಕೊಟ್ಟಿಗೆಯಲ್ಲಿ ಕೆಲಸಗಾರ, ತನ್ನ ನೆರಳಿಗೂ ದಾರಿ ಬಿಟ್ಟುಕೊಡುವಷ್ಟು ಮೆತ್ತನೆಯ ಮನುಷ್ಯ. ಹದಿನೈದರ ಹಬ್ಬವನ್ನು ಒಂದು ಮನೆಯೇ ಹೊರುವುದು ನಮ್ಮಲ್ಲಿಲ್ಲ. ಕಿರೀಟಕ್ಕೊಬ್ಬ ಪದ್ರೀನೊ, ಕೇಕಿಗೊಬ್ಬ, ಪಾದರಕ್ಷೆಗೊಬ್ಬ, ಬ್ಯಾಂಡಿಗೊಬ್ಬ. ಒಂದೊಂದನ್ನು ಒಬ್ಬೊಬ್ಬರು ವಹಿಸಿಕೊಂಡು ಆ ಮಗುವಿಗೆ ಧರ್ಮದ ತಂದೆತಾಯಿಯಾಗುತ್ತಾರೆ. ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ, ಎದ್ದು ಬಂದು ಹುಡುಗಿಯೊಂದಿಗೆ ವಾಲ್ಟ್ಸಿನ ಒಂದು ಸುತ್ತು ಹಾಕುತ್ತಾರೆ, ಅಂದಿನಿಂದ ಆ ಮನೆಗೆ ನೆಂಟರು. ನೆಂಟರೆಂದರೆ ಬರಿಮಾತಿನ ನೆಂಟರಲ್ಲ. ಪದ್ರೀನೊ ಬಾಗಿಲಿಗೆ ಬಂದರೆ ಹೊರಗೆ ನಿಲ್ಲಿಸುವಂತಿಲ್ಲ, ಮಗುವನ್ನು ಒಂದು ದಿನ ಕರೆದುಕೊಂಡು ಹೋಗುತ್ತೇನೆಂದರೆ ಯಾಕೆ ಎನ್ನುವಂತಿಲ್ಲ. ಒಂದು ಬಾಬತ್ತಿಗೆ ಒಬ್ಬ ಪದ್ರೀನೊ ಇದ್ದರೆ ಅದಕ್ಕೆ ಇನ್ನೊಬ್ಬ ಬರುವಂತಿಲ್ಲ. ಯಾರೂ ಇಲ್ಲದ ಬಾಬತ್ತಿಗೆ ಬಂದವನನ್ನು ಬೇಡ ಎನ್ನುವಂತಿಲ್ಲ. ಅಜ್ಜಂದಿರು ಒಳ್ಳೆಯ ಕಾಲದಲ್ಲಿ ಕಟ್ಟಿದ ಕಟ್ಟಳೆ ಇದು. ಕೆಟ್ಟ ಕಾಲಕ್ಕೆ ಇದರಲ್ಲೊಂದು ಕಳ್ಳಬಾಗಿಲಿದೆ ಎಂದು ಅವರಿಗೆ ಹೊಳೆಯಲಿಲ್ಲ.

ಆ ಮಧ್ಯಾಹ್ನ ಎಲ್ವಿರಾಳ ಅಂಗಳದ ಮೇಜಿನ ಸುತ್ತ ಬಾಯಾಡಿಕೆಯ ಮಾತು ನಡೆದಿತ್ತು. ಎಲ್ವಿರಾಗೆ ಪಟ್ಟಣದ ಕಲ್ಯಾಣಮಂಟಪದಲ್ಲಿ ಕಂಡಂತೆ ಹ್ಯಾಮ್ ಸುರುಳಿಗೆ ಹಲ್ಲುಕಡ್ಡಿ ಚುಚ್ಚಿ ಇಡುವ ಆಸೆ. ನಾಯೆಲಿಗೆ ಚಾಕೊಲೇಟಿನ ಕಾರಂಜಿ ಬೇಕು. ಕ್ರಿಸಾಂತಾ ಒಂದು ಹಲ್ಲುಕಡ್ಡಿ ಎತ್ತಿ ನೋಡಿ, ಇದನ್ನು ತಿಂದು ಹ್ಯಾಮಿನಿಂದ ಹಲ್ಲು ಚುಚ್ಚಿಕೊಳ್ಳುವವರೂ ನಮ್ಮ ನೆಂಟರಲ್ಲಿ ಇದ್ದಾರೆ ಎಂದರು. ಚೆಮಾ ನಕ್ಕ. ಈ ಸೆಖೆಗೆ ಕಾರಂಜಿಯಲ್ಲಿ ನೊಣಗಳೆಲ್ಲ ದೀಕ್ಷಾಸ್ನಾನ ಮಾಡುತ್ತವೆ ಮಗಳೇ ಎಂದು ಹುಡುಗಿಯ ಜಡೆ ಎಳೆದರು. ಕಿರೀಟಕ್ಕೆ, ಕೇಕಿಗೆ, ಬ್ಯಾಂಡಿಗೆ ಜನ ಗೊತ್ತಾಗಿತ್ತು. ಬಾಯಾಡಿಕೆಗೆ ಮಾತ್ರ ಯಾರೂ ಇರಲಿಲ್ಲ. ಅಷ್ಟು ಚಿಲ್ಲರೆ ವಿಷಯಕ್ಕೆ ಯಾರು ಪದ್ರೀನೊ ಆಗುತ್ತಾರೆ?

ಆಗುವವನು ಬಾಗಿಲಿಗೆ ಬಂದ. ತಾನೇ ಅಲ್ಲ, ಅವನ ದೂತ. ಇಸ್ತ್ರಿಯ ಅಂಗಿ, ದೂಳಿಲ್ಲದ ಬೂಟು, ಔಷಧದಂಗಡಿಯವನ ನಯ. ಗುಡ್ಡದ ಮೇಲಿರುವ ದೋನ್ ಲಿಬೋರಿಯೊ ಕಳಿಸಿದ್ದಾರೆ, ಚೌಕದಲ್ಲಿ ವಾಲ್ಟ್ಸಿನ ಅಭ್ಯಾಸ ಮಾಡುವಾಗ ಮಗುವನ್ನು ನೋಡಿದರಂತೆ, ಬಾಯಾಡಿಕೆಗೆ ಪದ್ರೀನೊ ಇಲ್ಲ ಎಂದು ಕೇಳಿ ಬೇಜಾರಾಯಿತಂತೆ, ಸಮುದ್ರದ ಸಿಗಡಿಯನ್ನೇ ತರಿಸುತ್ತಾರಂತೆ. ಹೇಳುತ್ತಾ ಹೇಳುತ್ತಾ ಅವನು ಮೇಜಿನ ಮೇಲಿದ್ದ ಸೌತೆಯ ಹೋಳೊಂದನ್ನು ಎತ್ತಿ ಬಾಯಿಗಿಟ್ಟುಕೊಂಡ.

“ಸಪ್ಪೆ ಇದೆ” ಎಂದ.

ಎಲ್ವಿರಾ ಮಗಳ ಮಣಿಕಟ್ಟನ್ನು ಮೇಜಿನ ಕೆಳಗೆ ಹಿಡಿದಿದ್ದಳು. ಮರುದಿನ ಅಲ್ಲಿ ನೀಲಿಗಟ್ಟಿದ್ದನ್ನು ನಾನು ಕಂಡೆ. ಚೆಮಾ ಎದ್ದು ನಿಂತು, ದೊಡ್ಡ ಗೌರವ, ದೊಡ್ಡ ಗೌರವ ಎಂದು ಎರಡು ಸಲ ತೊದಲಿದ. ಇನ್ನೊಂದು ಸಲ ಅಂದಿದ್ದರೆ ಒಪ್ಪಿಕೊಂಡಂತೆಯೇ, ಮುಗಿದಿತ್ತು.

“ಬಾಯಾಡಿಕೆಗೆ ಜನ ಆಗ್ಲೇ ಗೊತ್ತಾಗಿದಾರೆ” ಎಂದರು ಕ್ರಿಸಾಂತಾ.

“ಯಾರು, ದೋನ್ಯಾ?”

“ಊರು.”

ಅವನು ಸೌತೆ ನುಂಗಿ ನಕ್ಕ. ಊರಿಗೆ ಒಂದು ಹೆಸರಿಲ್ಲ, ಮೈಕಿನಲ್ಲಿ ಹೆಸರು ಹೇಳಬೇಕಲ್ಲ ಎಂದ. ಒಂದೊಂದು ಮನೆಯ ಹೆಸರನ್ನೂ ಹೇಳುತ್ತೇವೆ ಎಂದರು ಇವರು. ಅವನು ಬೆರಳು ಒರೆಸಿಕೊಳ್ಳುತ್ತಾ, ಹಾಗಾದರೆ ಆ ಹೆಸರುಗಳನ್ನು ಕೇಳುವುದಕ್ಕೆ ಹಬ್ಬಕ್ಕೆ ದೋನ್ ಲಿಬೋರಿಯೊ ಅವರೇ ಬರುತ್ತಾರೆ, ಸಿಗಡಿಯನ್ನೂ ಮಂಜುಗಡ್ಡೆಯಲ್ಲಿಟ್ಟು ತಂದಿರುತ್ತಾರೆ ಎಂದು ಹೇಳಿ, ಬಾಗಿಲಲ್ಲಿ ತಿರುಗಿ ನಿಂತ. “ಒಂದೇ ಒಂದು ತಟ್ಟೆ ಖಾಲಿ ಇದ್ರೂ ಚಿಂತೆ ಬೇಡಿ. ನಾವು ತುಂಬ್ತೀವಿ.”

ಕಿತ್ತುಕೊಳ್ಳಬಲ್ಲವನು ಕೇಳಿಕೊಂಡು ಬಂದಾಗ ಯಾಕೆ ಅಷ್ಟು ಹೆದರಬೇಕು ಎಂದು ನೀವು ಕೇಳಬಹುದು. ಕಿತ್ತುಕೊಂಡರೆ ಅದು ಅಪರಾಧ; ಕೊಟ್ಟರೆ ಅದು ಸಂಬಂಧ. ದೋನ್ ಲಿಬೋರಿಯೊಗೆ ನಿಂಬೆತೋಟಗಳು ಆಗಲೇ ಇವೆ, ರಸ್ತೆ ಇದೆ, ಠಾಣೆಯ ಮೌನ ಇದೆ. ಇಲ್ಲದ್ದು ಊರವರು ಎದ್ದು ಕೈತಟ್ಟುವ ಒಂದು ಗಳಿಗೆ. ಪಕ್ಕದ ಊರಿನ ಅನಾಹಿಗೆ ಅವನು ಪಾದರಕ್ಷೆಯ ಪದ್ರೀನೊ ಆಗಿದ್ದ. ಮಳೆಗಾಲ ಬರುವ ಮೊದಲು ಹುಡುಗಿ ಗುಡ್ಡದ ಮನೆಗೆ ‘ನಾಲ್ಕು ದಿನ ಇದ್ದು ಬರಲು’ ಹೋದಳು. ಅವಳ ತಾಯಿ ಸಂತೆಯಲ್ಲಿ ಸಿಕ್ಕರೆ, ಮಗಳು ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ ಎಂದು ಯಾರೂ ಕೇಳದೆಯೇ ಹೇಳುತ್ತಾಳೆ. ಹೇಳುವಾಗ ತಕ್ಕಡಿಯ ಮೇಲಿನ ತರಕಾರಿಯನ್ನು ನೋಡುತ್ತಾಳೆ, ಎದುರಿನವರ ಮುಖ ನೋಡುವುದಿಲ್ಲ.

ಕ್ರಿಸಾಂತಾ ಆ ಸಂಜೆಯೇ ಇಡೀ ಯೋಜನೆ ಬದಲಿಸಿದರು. ಇಂಥವರ ಬುದ್ಧಿ ಭಯದಲ್ಲಿಯೇ ಹೇಗೆ ಹರಿತವಾಗುತ್ತದೆ ನೋಡಿ. ಒಂದು ಮನೆ ಒಂದು ತಿನಿಸನ್ನು ಪೂರ್ತಿಯಾಗಿ ತರಕೂಡದು. ಹಿಕಾಮಾ ಒಂದು ಮನೆಯದು, ಅದರ ಮೇಲೆ ಹಿಂಡುವ ನಿಂಬೆ ಪಕ್ಕದ ಮನೆಯದು, ಮೆಣಸಿನಪುಡಿ ಎದುರುಮನೆಯದು. ಗರಿರೊಟ್ಟಿ ಒಬ್ಬರು, ಅದಕ್ಕೆ ಸವರುವ ಬೆಣ್ಣೆಹಣ್ಣು ಇನ್ನೊಬ್ಬರು, ಉದುರಿಸುವ ಚೀಸು ಮತ್ತೊಬ್ಬರು. ಎಣ್ಣೆಯಲ್ಲಿ ಅರಳಿಸಿದ ಹಂದಿತೊಗಲು ಕಟುಕರ ಅಂಗಡಿಯದು, ಅದನ್ನು ಅದ್ದಿಕೊಳ್ಳುವ ಹಸಿರು ಚಟ್ನಿ ದರ್ಜಿಯ ಮನೆಯದು. ಒಬ್ಬರು ಬಾರದಿದ್ದರೆ ನೆರೆಯವರ ತಟ್ಟೆ ಬಾಯಿಗೆ ರುಚಿಸದು. ಬಾರದವರು ಯಾರೆಂದು ತಿನ್ನುವ ನಾಲಿಗೆಯೇ ಹೇಳುತ್ತದೆ. ಉಪ್ಪು ಮಾತ್ರ ಅವರದು, ಕೊನೆಗೆ.

ಕೋಟು ತೊಟ್ಟು, ಬೀದಿಯ ನಡುವೆ, ಮನೆಮನೆಗೆ ಹೊರಟರು; ಜೊತೆಗೆ ನಾನು. ನಮ್ಮ ಊರಿನ ಬಾಗಿಲುಗಳು ಎಷ್ಟು ಬಗೆಯಲ್ಲಿ ಅರ್ಧ ತೆರೆಯಬಲ್ಲವು ಎಂಬುದನ್ನು ಆ ವಾರ ನಾನು ಕಂಡೆ. ತರುತ್ತೇವೆ ಆದರೆ ಹಿಂಬಾಗಿಲಿನಿಂದ ಕೊಡುತ್ತೇವೆ ಎಂದವರಿದ್ದರು. ಅಂದು ನಮಗೆ ಊರಿಗೆ ಹೋಗುವುದಿದೆ ಎಂದವರಿದ್ದರು; ಹುಟ್ಟಿದಂದಿನಿಂದ ಈ ಊರು ದಾಟದವರು. ಮೈಕಿನವನು ಗಂಟಲು ಕಟ್ಟಿದೆ ಎಂದು ಮಫ್ಲರು ಸುತ್ತಿಕೊಂಡೇ ಬಾಗಿಲಿಗೆ ಬಂದ. ಕಟುಕ ಸಿಲ್ವೆಸ್ತ್ರೆ ಒಂದು ದೊಡ್ಡ ಹಾಳೆ ತುಂಬ ತೊಗಲು ಕಟ್ಟಿ ಕೈಗಿಟ್ಟು, ಇದಕ್ಕೇನೂ ಕೊಡಬೇಡಿ, ಹೆಸರು ಮಾತ್ರ ಕೂಗಬೇಡಿ ಎಂದ. ಕ್ರಿಸಾಂತಾ ಕಟ್ಟನ್ನು ಅವನ ತಕ್ಕಡಿಯ ಮೇಲೆಯೇ ವಾಪಸು ಇಟ್ಟರು.

“ಹೆಸರಿಲ್ಲದ ತೊಗಲು ನಾಯಿಗೆ ಹಾಕ್ತಾರೆ, ಸಿಲ್ವೆಸ್ತ್ರೆ.”

ಅಂಗಡಿಯ ಹಿಂದೆ ಅವನ ಹೆಂಡತಿ ಪೆತ್ರಾ ಕರುಳು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಎಲ್ಲಕ್ಕಿಂತ ಕೊನೆಗೆ ಹೋದದ್ದು ರೆಮೆದಿಯೋಸಳ ಮನೆಗೆ. ಬಚ್ಚಲ ನೀರು ಯಾರ ಕಡೆಗೆ ಹರಿಯಬೇಕೆಂಬ ವಿವಾದದಲ್ಲಿ ಇವರಿಬ್ಬರೂ ಮಾತು ಬಿಟ್ಟು ಒಂದು ತಲೆಮಾರೇ ಆಗಿತ್ತು. ಒಬ್ಬರ ಕೋಳಿ ಇನ್ನೊಬ್ಬರ ಅಂಗಳಕ್ಕೆ ಹೋದರೆ ಕೋಳಿಯನ್ನೂ ಬೈಯುತ್ತಿದ್ದರು. ಕ್ರಿಸಾಂತಾ ಬೀದಿಯ ನಡುವಿನಿಂದಲೇ ಕೂಗಿ, ನಿಂಬೆಹಣ್ಣು ನಿನ್ನ ಪಾಲು ಎಂದರು. ಉತ್ತರವಾಗಿ ಕಿಟಕಿ ಮುಚ್ಚಿತು.

ಬೀದಿಯ ನಡುವೆ ಯಾಕೆ ನಡೆಯುತ್ತೀರಿ ಎಂದು ಅಂದು ಕೇಳಿದೆ. ಗೋಡೆ ಪಕ್ಕ ಹೋಗುವವರನ್ನು ಒಂದು ಬಾಗಿಲು ನುಂಗಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ನಡುವೆ ಹೋದರೆ ಎರಡೂ ಕಡೆಯ ಕಿಟಕಿಗಳಿಗೆ ನೋಡದೆ ವಿಧಿಯಿಲ್ಲ. ಆಮೇಲೆ ಕೋಟಿನ ಬಗ್ಗೆ ಕೇಳಿದೆ. ಹಣೆಯಿಂದ ಇಳಿದ ನೀರು ಗಲ್ಲದ ತುದಿಯಲ್ಲಿ ನಿಂತಿತ್ತು.

“ನಂಗೆ ಹೆದ್ರಿಕೆ ಆದ್ರೆ ಬೆವರು ಸುರಿಯತ್ತೆ ಕಣೋ, ಚಿಕ್ಕಂದಿನಿಂದ. ಕೋಟು ಇದ್ರೆ ಜನ ಸೆಖೆ ಅಂದ್ಕೋತಾರೆ.”

ಹಬ್ಬದ ದಿನ ಪೂಜೆ ಮುಗಿಸಿ ಜನ ನಿಂಬೆಯ ಕೊಟ್ಟಿಗೆಗೆ ಬಂದರು. ಮೇಜುಗಳ ಮೇಲೆ ಬಿಳಿ ಬಟ್ಟೆ, ಮೇಲೆ ಕಾಗದದ ತೋರಣ, ನಡುವೆ ಖಾಲಿ ತಟ್ಟೆಗಳು. ಇಷ್ಟು ಖಾಲಿ ತಟ್ಟೆ ಒಟ್ಟಿಗೆ ಕಂಡರೆ ಎದೆ ಧಸಕ್ಕೆನ್ನುತ್ತದೆಂದು ನನಗೆ ತಿಳಿದಿರಲಿಲ್ಲ. ನಾಯೆಲಿ ಗುಲಾಬಿ ಬಣ್ಣದ ಘೇರು ಹರಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕಿರೀಟ ಸಣ್ಣಗೆ ನಡುಗುತ್ತಿತ್ತು. ದೋನ್ ಲಿಬೋರಿಯೊ ಬಂದ. ಕುಳ್ಳ ಮನುಷ್ಯ, ಮೃದುವಾದ ಬಿಳಿ ಕೈ, ಕೈಯಲ್ಲಿ ಹುಡುಗಿಗೆಂದು ತಂದ, ರಿಬ್ಬನ್ನು ಕಟ್ಟಿದ ಗೊಂಬೆ. ಅವನು ಕೂತ ಮೇಜಿನಿಂದ ಜನ ಗದ್ದಲವಿಲ್ಲದೆ ಕರಗಿದರು. ಬಾಗಿಲ ಹೊರಗೆ ಅವನ ಆಳುಗಳು ಮುಚ್ಚಿದ ಬೆಳ್ಳಿ ತಟ್ಟೆಗಳನ್ನು ಹಿಡಿದು ನಿಂತಿದ್ದರು. ಸಿಗಡಿಯ ಮಂಜುಗಡ್ಡೆ ಕರಗಿ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮೈಕಿನವನು ಬಂದಿರಲಿಲ್ಲ. ಮೈಕು ಹಿಡಿದದ್ದು ಚೆಮಾ. ಆ ಮೆತ್ತನೆಯ ಗಂಟಲಿನಿಂದ ಮೊದಲ ಹೆಸರು ಹೊರಟಿತು, ನಿಂಬೆಯ ಪದ್ರೀನಾ, ದೋನ್ಯಾ ರೆಮೆದಿಯೋಸ್. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದ. ದೋನ್ ಲಿಬೋರಿಯೊ ಗೊಂಬೆಯ ಕೂದಲನ್ನು ಬೆರಳಿನಿಂದ ನೇವರಿಸುತ್ತಿದ್ದ.

ಹಿಂದಿನ ಬಾಗಿಲಲ್ಲಿ ಏನೋ ಉರುಳಿದ ಸದ್ದಾಯಿತು. ರೆಮೆದಿಯೋಸ್ ನಿಂಬೆಯ ಬುಟ್ಟಿಯನ್ನು ಸೊಂಟಕ್ಕೆ ಒರಗಿಸಿಕೊಂಡು, ಉರುಳಿದ ಹಣ್ಣುಗಳನ್ನು ಕಾಲಿನಿಂದ ತಡೆಯುತ್ತಾ ಬಂದಳು. ಕ್ರಿಸಾಂತಾ ಅವರ ಮುಂದೆ ಬುಟ್ಟಿ ಕುಕ್ಕಿದಳು.

“ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಇದು ಮಗೂಗೆ.”

“ಬಚ್ಚಲ ನೀರಿನ ಮಾತು ನಾಳೆ ಆಡೋಣ” ಎಂದರು ಇವರು.

ನಿಂಬೆ ಬಂದ ಮೇಲೆ ಹಿಕಾಮಾ ಸುಮ್ಮನಿರುವುದು ಹೇಗೆ? ಹಿಕಾಮಾದವರು ಎದ್ದರು. ಮೆಣಸಿನಪುಡಿಯವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಎದ್ದರು. ಗರಿರೊಟ್ಟಿ, ಬೆಣ್ಣೆಹಣ್ಣು, ಚೀಸು. ಚೆಮಾನ ಗಂಟಲು ಒಂದೊಂದು ಹೆಸರಿಗೂ ಒಂದಿಷ್ಟು ಏರಿತು. ಹಿಂಬಾಗಿಲಿನಿಂದ ಕೊಡುತ್ತೇವೆ ಎಂದಿದ್ದವರು ಮುಂಬಾಗಿಲಿನಿಂದ ಬಂದು, ತಲೆ ತಗ್ಗಿಸಿ ತಟ್ಟೆ ಇಟ್ಟು, ತಲೆ ಎತ್ತಿ ನಿಂತರು. ದರ್ಜಿಯ ಮನೆಯ ಹಸಿರು ಚಟ್ನಿಯೂ ಬಂತು.

ಕೊನೆಗೆ ಸಿಲ್ವೆಸ್ತ್ರೆಯ ಹೆಸರು. ಅವನು ಹಿಂದಿನ ಮೇಜಿನಲ್ಲಿ ತನ್ನ ಬೂಟು ನೋಡುತ್ತಾ ಕೂತಿದ್ದ. ಎರಡನೆಯ ಸಲ ಕೂಗಿದರೂ ನೋಡುತ್ತಲೇ ಇದ್ದ. ಚಟ್ನಿಯ ಪಕ್ಕದ ತಟ್ಟೆ ಹುಣ್ಣಿಮೆಯ ಹಾಗೆ ಬೆಳ್ಳಗೆ ಬರಿದಾಗಿತ್ತು. ದೋನ್ ಲಿಬೋರಿಯೊ ಗೊಂಬೆಯನ್ನು ಮೇಜಿನ ಮೇಲೆ ಕೂರಿಸಿ, ಎದ್ದು, ಅಂಗಿಯ ತುದಿ ಸರಿಮಾಡಿಕೊಂಡ. ಆಳುಗಳು ಬೆಳ್ಳಿತಟ್ಟೆಯ ಮುಚ್ಚಳ ತೆಗೆದರು.

“ಅದೊಂದು ಖಾಲಿ ಇದೆ” ಎಂದ, ತುಂಬ ಮೆಲ್ಲಗೆ.

ಆಗ ಎದ್ದವಳು ಪೆತ್ರಾ. ಆಕೆ ಗಂಡನ ಸೊಂಟದಿಂದ ಅಂಗಡಿಯ ಬೀಗದಕೈ ಬಿಚ್ಚಿಕೊಂಡಳು, ಅವನು ತಡೆಯಲಿಲ್ಲ. ದೋನ್ ಲಿಬೋರಿಯೊನ ಎದುರಿನಿಂದಲೇ ಹಾದು, ಮುಚ್ಚಳ ತೆಗೆದ ಆಳುಗಳ ನಡುವಿನಿಂದಲೇ ನುಸುಳಿ ಹೊರಗೆ ಹೋದಳು. ಅವಳು ಮರಳುವಳೋ ಇಲ್ಲವೋ ಯಾರಿಗೂ ತಿಳಿಯದು. ಹೊರಗೆ ಇನ್ನೆಷ್ಟು ಜನ ನಿಂತಿದ್ದಾರೋ, ಒಂದು ಗುಂಡಿನ ಸದ್ದು ಕೇಳಿದರೆ ಏನು ಮಾಡುವುದೋ. ಚೆಮಾ ಮೈಕನ್ನು ಎದೆಗೆ ಒತ್ತಿಕೊಂಡಿದ್ದ. ಅವನ ಎದೆಬಡಿತ ಧ್ವನಿವರ್ಧಕದಲ್ಲಿ ಡಬ ಡಬ ಎಂದು ಇಡೀ ಊರಿಗೆ ಕೇಳುತ್ತಿತ್ತು.

ಪೆತ್ರಾ ಬಂದಳು, ಏದುಸಿರು ಬಿಡುತ್ತಾ, ಅಂಗಡಿಯ ಒರಟು ಹಾಳೆಯಲ್ಲಿ ಸುತ್ತಿದ ತೊಗಲಿನ ಕಟ್ಟು ಹಿಡಿದು. ಓಡಿ ಬಂದಿದ್ದರಿಂದ ಅರ್ಧ ಪುಡಿಯಾಗಿತ್ತು. ತಟ್ಟೆಗೆ ಸುರಿದು, ಚೆಮಾನ ಕಡೆಗೆ ತಿರುಗಿದಳು.

“ಅವರ ಹೆಸರು ಬೇಡ. ಪೆತ್ರಾ ಅನ್ನು.”

ಅವನು ಅಂದ.

ಆಮೇಲೆ ಕ್ರಿಸಾಂತಾ ಉಪ್ಪಿನ ಬಟ್ಟಲು ಹಿಡಿದರು. ಮೇಜಿಂದ ಮೇಜಿಗೆ, ಮುಖ ನೋಡಿ, ಮೂರು ಬೆರಳು. ಮತ್ತೆ ಕುರ್ಚಿಗೆ ಕೂತಿದ್ದ ದೋನ್ ಲಿಬೋರಿಯೊನ ಮುಂದೆ ಒಂದು ತಟ್ಟೆ ಇಟ್ಟರು, ಬಂದ ಅತಿಥಿಗೆ ಇಡದೆ ಹೋಗುವ ಕೀಳುತನ ನಮ್ಮದಲ್ಲ. ಕೋಟಿನ ತೋಳು ಬೆವರಿಗೆ ಒದ್ದೆಯಾಗಿ ಕಪ್ಪಿಟ್ಟಿತ್ತು. ಉಪ್ಪು ಉದುರಿಸಲು ಕೈ ಎತ್ತಿ, ಅವನ ಮುಖ ನೋಡಿ, ಕೈಯನ್ನು ಹಾಗೆಯೇ ಹಿಂದಕ್ಕೆಳೆದು ಬಟ್ಟಲೊಳಗೆ ಉಪ್ಪನ್ನು ವಾಪಸು ಬಿಟ್ಟರು. ಇಡೀ ಊರು ನೋಡಿತು. ಅವನು ಒಂದು ಹೋಳು ಬಾಯಿಗಿಟ್ಟು, ಅಗಿದು, ಸಪ್ಪೆಯನ್ನೇ ನುಂಗಿದ. ವಾಲ್ಟ್ಸ್ ಶುರುವಾಯಿತು, ಬಾಯಾಡಿಕೆಯ ಅಷ್ಟೂ ಪದ್ರೀನೊಗಳಿಗೆ ಒಂದೊಂದು ಸುತ್ತು, ರೆಮೆದಿಯೋಸಳ ಕುಂಟುಸುತ್ತು, ಪೆತ್ರಾಳ ಅಳುಸುತ್ತು, ಬ್ಯಾಂಡಿನವರ ತುಟಿ ಬಾತುಕೊಳ್ಳುವ ತನಕ. ಅದು ಮುಗಿಯುವ ಮೊದಲೇ ದೋನ್ ಲಿಬೋರಿಯೊ ಎದ್ದು ಹೋಗಿದ್ದ. ಗೊಂಬೆ ಮೇಜಿನ ಮೇಲೆ ಉಳಿಯಿತು. ಯಾರೂ ಮುಟ್ಟಲಿಲ್ಲ.

ಗೆದ್ದೆವೆಂದು ಬರೆದರೆ ಸುಳ್ಳಾಗುತ್ತದೆ. ಕಟುಕರ ಅಂಗಡಿಯ ಬಾಗಿಲಲ್ಲಿ ಈಗ ಗುಂಡಿನ ತೂತುಗಳಿವೆ. ಸಿಲ್ವೆಸ್ತ್ರೆ ಅವುಗಳಿಗೆ ಮೇಣ ತುಂಬಿದ್ದಾನೆ, ಬಿಸಿಲಿಗೆ ಮೇಣ ಕರಗಿ ಇಳಿಯುತ್ತದೆ. ನಾಯೆಲಿ ಶಾಲೆಗೆ ಹೋಗುವಾಗ ಬೀದಿಯ ನಡುವೆ ಹೋಗುತ್ತಾಳೆ, ಜೊತೆಗೆ ಯಾವುದಾದರೂ ಮನೆಯ ಪದ್ರೀನೊ ಇರುತ್ತಾನೆ. ದೋನ್ ಲಿಬೋರಿಯೊನ ಬಿಳಿ ಗಾಡಿ ಹುಣಿಸೆಮರದ ಕೆಳಗೆ ನಿಲ್ಲುವುದನ್ನು ಬಿಟ್ಟಿಲ್ಲ. ಕ್ರಿಸಾಂತಾ ಕೋಟು ತೆಗೆದಿಲ್ಲ.

ಇಂಥವರನ್ನು ನೀವು ಧೀರರೆಂದು ಕರೆದು, ಕೈಮುಗಿದು, ಪಕ್ಕಕ್ಕೆ ಸರಿಯುತ್ತೀರಿ. ಅದು ನಿಮಗೆ ಅನುಕೂಲ. ಧೀರರಿದ್ದಾರೆಂದರೆ ಉಳಿದವರು ಮನೆಯಲ್ಲಿರಬಹುದಲ್ಲ. ನಾನು ಹತ್ತಿರದಿಂದ ಕಂಡಿದ್ದೇನೆ, ಅವರು ನಿಮಗಿಂತ ಹೆಚ್ಚು ಹೆದರುವವರು. ಲೋಕದಲ್ಲಿ ಈ ಜಾತಿಯ ಜನ ಅಲ್ಲಲ್ಲಿ ಒಬ್ಬಿಬ್ಬರು ಇರುತ್ತಾರೆ: ತಮ್ಮ ಭಯವನ್ನು ತಾವೊಬ್ಬರೇ ತಿಂದು ಮುಗಿಸಲಾಗದೆ, ಅದನ್ನು ತೆಳ್ಳಗೆ ಹೋಳು ಮಾಡಿ, ಊರಿನ ಒಂದೊಂದು ತಟ್ಟೆಗೂ ಒಂದೊಂದು ತುಂಡು ಬಡಿಸುವವರು. ಹಂಚಿದ ಮೇಲೂ ಅದು ಕಹಿಯೇ. ಆದರೆ ನುಂಗಬಹುದು.

ಬರುವ ಶನಿವಾರ ರೆಮೆದಿಯೋಸಳ ಮೊಮ್ಮಗಳಿಗೆ ಹದಿನೈದು. ದೂಳಿಲ್ಲದ ಬೂಟಿನವನು ಆಗಲೇ ಅವರ ಬಾಗಿಲಿಗೆ ಬಂದು ಹೋಗಿದ್ದಾನೆ. ಮೈಕಿನವನಿಗೆ ಮತ್ತೆ ಗಂಟಲು ಕಟ್ಟಿದೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಒಂದು ಸೌತೆಕಾಯಿಯಾದರೂ ಇದ್ದೇ ಇರುತ್ತದೆ. ಹೆಚ್ಚಿ, ತಟ್ಟೆಗೆ ಹಾಕಿ, ಮುಂಬಾಗಿಲಿನಿಂದ ಬನ್ನಿ. ಹೆಸರು ಕೂಗಿದ ಮೊದಲ ಸಲಕ್ಕೇ ಎದ್ದು ನಿಲ್ಲಿ.